ಸೆಲೆಕ್ಷನ್ನಿಗೇ ಪ್ರಾಕ್ಟೀಸ್: ಮಗಳ ಆರನೇ ಕ್ಲಾಸಿನ ಒಂದು ವರ್ಷ

ಹೋದ ವಾರ ಶಾಲೆಯಲ್ಲಿ ವಾಲಿಬಾಲ್ ಟೀಮಿನ ಪಟ್ಟಿ ಹಾಕಿದರು. ಹನ್ನೆರಡು ಹೆಸರಿನಲ್ಲಿ ಒಂದು ನನ್ನ ಮಗಳದ್ದು. ವರ್ಷದ ಶುರುವಿನಲ್ಲಿ ಇದೇ ಹುಡುಗಿಯನ್ನು ಮೂರು ಕಡೆ ಬೇಡ ಅಂದಿದ್ದರು. ನಮ್ಮಕ್ಕ "ಸುಮ್ನೆ ಬಿಡೇ, ಓದ್ಕೊಂಡಿರಲಿ" ಅಂದಿದ್ದಳು. ಅದಕ್ಕೇ ಇದನ್ನು ಬರೆಯಲೇಬೇಕು ಅನ್ನಿಸಿತು.

ಐದನೇ ಕ್ಲಾಸಿನವರೆಗೆ ಕೈ ಎತ್ತಿದವರೆಲ್ಲ ಡ್ಯಾನ್ಸಿನಲ್ಲೂ ಇರುತ್ತಾರೆ, ಓಟದಲ್ಲೂ ಇರುತ್ತಾರೆ. ಆರಕ್ಕೆ ಬಂದ ಕೂಡಲೇ ಎಲ್ಲಕ್ಕೂ ಸೆಲೆಕ್ಷನ್. ಇದು ನಿಮಗೂ ಗೊತ್ತಿರುವುದೇ.

ನಾವು ಮೊದಲು ಹಿಡಿದದ್ದು ಬಾಸ್ಕೆಟ್‌ಬಾಲ್. ಅಲ್ಲಿ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೋಚಿಂಗಿಗೆ ಮೂರು ತಿಂಗಳ ಫೀಸು ಒಟ್ಟಿಗೇ ಕಟ್ಟಿದೆವು. ವಾಪಸ್ ಕೊಡುವುದಿಲ್ಲ ಅಂತ ರಶೀದಿಯ ಹಿಂದೆ ಸಣ್ಣಕ್ಷರದಲ್ಲಿತ್ತು. ದುಬಾರಿ ಶೂ ನಾಲ್ಕು ತಿಂಗಳಿಗೆ ಬಿಗಿಯಾಯಿತು. ಎಲ್ಲಕ್ಕಿಂತ ದೊಡ್ಡ ತಪ್ಪು ಚೆಂಡಿನದು. ದೊಡ್ಡವರ ಚೆಂಡಿನಲ್ಲೇ ರೂಢಿಯಾಗಲಿ ಅಂತ 7ನೇ ಸೈಜು ತಂದೆ. ಅದು ಸುಮಾರು 600 ಗ್ರಾಂ ತೂಗುತ್ತದೆ. ಹನ್ನೊಂದು ವರ್ಷದ ಮಗುವಿಗೆ 5ನೇ ಸೈಜು ಸಾಕು, ನೂರು ಗ್ರಾಂನಷ್ಟು ಹಗುರ. ಭಾರದ ಚೆಂಡನ್ನು ಬುಟ್ಟಿಯವರೆಗೆ ಮುಟ್ಟಿಸಲು ಅವಳು ಸೊಂಟದ ಹತ್ತಿರದಿಂದ ಬೀಸಿ ಎಸೆಯುವುದನ್ನು ಕಲಿತಳು. ಆ ಚಾಳಿ ಬಿಡಿಸಲು ಆಗಲೇ ಇಲ್ಲ. ಇಡೀ ವರ್ಷದ ಖರ್ಚಿನಲ್ಲಿ ಮುಕ್ಕಾಲು ಪಾಲು ಹೀಗೆ ನೀರಿನಲ್ಲಿ ಹೋಯಿತು.

ಆಮೇಲೆ ಹಾಡಿನ ತಂಡ. ಮನೆಯಲ್ಲಿ ಗುನುಗುತ್ತಲೇ ಇರುವ ಹುಡುಗಿ, ಅಲ್ಲಿ ಬಾಯೇ ಬಿಡಲಿಲ್ಲ. ಆಮೇಲೆ ಓಟ. ಅಲ್ಲಿ ಬೀಪ್ ಟೆಸ್ಟ್ ಇಟ್ಟಿದ್ದರು. 20 ಮೀಟರ್ ಆಚೆ ಈಚೆ ಓಡುವುದು, ನಿಮಿಷಕ್ಕೊಮ್ಮೆ ವೇಗ ಜಾಸ್ತಿಯಾಗುತ್ತದೆ. ಶುರುವಿನ ವೇಗ ಗಂಟೆಗೆ ಎಂಟೂವರೆ ಕಿಲೋಮೀಟರ್, ಅಂದರೆ ಒಂದು ಸಲ ದಾಟಲು ಎಂಟು ಸೆಕೆಂಡಿಗೂ ಜಾಸ್ತಿ ಸಮಯ ಇರುತ್ತದೆ. ಇವಳು ಐದೇ ಸೆಕೆಂಡಿಗೆ ಓಡಿ ಗೆರೆಯ ಹತ್ತಿರ ಕಾಯುತ್ತಿದ್ದಳು. ಮೂರನೇ ಹಂತಕ್ಕೆ ಏದುಸಿರು, ಅಲ್ಲಿಗೆ ಮುಗಿಯಿತು.

ಆ ರಾತ್ರಿ ಅವಳೇ ಹೇಳಿದಳು: "ಅಮ್ಮ, ನಂಗೆ ಓಡೋಕೆ ಬರುತ್ತೆ. ಎಲ್ರೂ ನೋಡ್ತಾ ನಿಂತ್ರೆ ಮರ್ತೇ ಹೋಗುತ್ತೆ." ಮೂರೂ ಕಡೆ ಆದದ್ದು ಇದೇ ಅಲ್ವಾ ಅಂತ ಆಗ ಹೊಳೆಯಿತು. ಆಟ ಕಲಿಸಲು ಜನ ಸಿಗುತ್ತಾರೆ. ಸೆಲೆಕ್ಷನ್ನಿನ ಆ ನಲವತ್ತು ನಿಮಿಷ ಹೇಗಿರಬೇಕು ಅಂತ ಯಾರೂ ಕಲಿಸುವುದಿಲ್ಲ. ಕಲಿಸಲು ನಾನೇ ಇಳಿದೆ.

ವಾಲಿಬಾಲ್ ಆರಿಸಿದ್ದಕ್ಕೆ ಕಾರಣ ಇತ್ತು. ಮಗಳು ಕ್ಲಾಸಿಗೇ ಕುಳ್ಳಿ. ಹುಟ್ಟಿದ ತಿಂಗಳು ಅವಳ ವಯಸ್ಸಿನ ಗುಂಪಿನ ಕೊನೆಗೆ ಬರುತ್ತದೆ, ಹಾಗಾಗಿ ಜೊತೆಯವರು ಹತ್ತು ತಿಂಗಳು ದೊಡ್ಡವರು. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ, ಅಂದರೆ ಗುಂಪಿನಲ್ಲಿ ದೊಡ್ಡವರೇ, ಜಾಸ್ತಿ ಅಂತ 1985ರಲ್ಲೇ ತೋರಿಸಿದ್ದಾರೆ. ಎತ್ತರ ಕೇಳದ ಕೆಲಸ ಹುಡುಕಬೇಕಿತ್ತು. ವಾಲಿಬಾಲಿನಲ್ಲಿ ಲಿಬೆರೊ ಇದ್ದಾರಲ್ಲ, ಬೇರೆ ಬಣ್ಣದ ಜೆರ್ಸಿಯವರು. 1998ರಲ್ಲಿ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ ಜಾಗ ಅದು. ಅವರು ಬ್ಲಾಕ್ ಮಾಡುವಂತಿಲ್ಲ, ಅಂದರೆ ನೆಟ್ಟಿನ ಹತ್ತಿರ ಹಾರಿ ಚೆಂಡು ತಡೆಯುವಂತಿಲ್ಲ, ಹಿಂದೆ ನಿಂತು ಎದುರಿನವರ ಸರ್ವೀಸ್ ಎತ್ತಬೇಕು. ಸ್ಮ್ಯಾಶ್ ಪೂರ್ತಿ ಕೈಬಿಟ್ಟು ಬರೀ ಸರ್ವೀಸ್ ಎತ್ತುವುದನ್ನೇ ಹಿಡಿದೆವು. ಪೂರ್ತಿ ತೂಕದ ಚೆಂಡು 260ರಿಂದ 280 ಗ್ರಾಂ ಇರುತ್ತದೆ, ಮುಂಗೈ ಕೆಂಪಾಗುತ್ತದೆ. ಹಳೆಯ ಪಾಠ ನೆನಪಿತ್ತು, ಹಗುರದ ಚೆಂಡಿನಿಂದ ಶುರು ಮಾಡಿ ಐದಾರು ವಾರದ ಮೇಲೆ ಬದಲಾಯಿಸಿದೆ.

ವಾರವಿಡೀ ಇದು. ಶನಿವಾರ ಮಾತ್ರ ಸುಳ್ಳು ಸೆಲೆಕ್ಷನ್.

ಎದೆಗೆ ನಂಬರ್ ಚೀಟಿ. ಅರ್ಧ ಗಂಟೆ ಚೆಂಡು ಮುಟ್ಟದೆ ಸಾಲಿನಲ್ಲಿ ನಿಲ್ಲಬೇಕು, ಯಾಕೆಂದರೆ ನಿಜವಾದ ದಿನ ಆಗುವುದೂ ಅದೇ. ಬಿಸಿಯಾಗಿದ್ದ ಮೈ ಅಷ್ಟರಲ್ಲಿ ತಣ್ಣಗಾಗಿರುತ್ತದೆ. ಆಮೇಲೆ ಮೂರೇ ಮೂರು ಚೆಂಡು. ನಾಲ್ಕನೆಯದು ಕೇಳುವಂತಿಲ್ಲ. ಎದುರಿಗೆ ಅವಳಿಗೆ ಪರಿಚಯವಿಲ್ಲದ ಒಬ್ಬರು ಪುಸ್ತಕ ಹಿಡಿದು ಬರೆಯುತ್ತಿರಬೇಕು, ತಲೆ ಆಡಿಸಬಾರದು, ನಗಬಾರದು. ಕೆಲವು ಸಲ ಬೇಕಂತಲೇ ಹೆಸರು ತಪ್ಪಾಗಿ ಕರೆಸುತ್ತಿದ್ದೆ.

ಯಜಮಾನರು "ಆಟ ಆಡಿಸೋದು ಬಿಟ್ಟು ನಾಟಕ ಆಡಿಸ್ತೀಯಲ್ಲ" ಅಂದರು. ಮೊದಲ ನಾಲ್ಕು ಶನಿವಾರ ನೋಡಿದವರು ಯಾರಾದರೂ ಹಾಗೇ ಅನ್ನುತ್ತಿದ್ದರು. ಒಂದು ವಾರ ಅವಳು ಅತ್ತು ಮನೆಯೊಳಗೆ ಹೋದಳು. ಇನ್ನೊಂದು ವಾರ ನಾನೇ ತಡೆಯಲಾರದೆ ಚಪ್ಪಾಳೆ ಹೊಡೆದೆ, ಅಲ್ಲಿಗೆ ಅದು ಮನೆಯಾಟ ಆಯಿತು. ಅಕ್ಕನನ್ನು ಪುಸ್ತಕ ಹಿಡಿಸಿ ಕೂರಿಸಿದ್ದು ಶುದ್ಧ ವ್ಯರ್ಥ, ದೊಡ್ಡಮ್ಮನ ಮುಖ ನೋಡಿ ಮಗಳು ನಕ್ಕಳು. ಐದನೇ ವಾರದಿಂದ ನನ್ನ ಆಫೀಸಿನವರನ್ನು ಒಬ್ಬೊಬ್ಬರಾಗಿ ಕರೆದೆ. ಆಗ ಬಿಗಿ ಬಂತು. ಶುರುವಿನಲ್ಲಿ ಹತ್ತಕ್ಕೆ ಮೂರು ಚೆಂಡು ಸರಿಯಾಗಿ ಎತ್ತುತ್ತಿದ್ದಳು. ಮೂರು ತಿಂಗಳ ಕೊನೆಗೆ ಏಳು, ಒಳ್ಳೆಯ ದಿನ ಎಂಟು. ಖರ್ಚು ಎರಡು ಚೆಂಡು, ಮೊಣಕಾಲಿನ ಪ್ಯಾಡು, ಒಂದು ಸೀಟಿ. ಬಾಸ್ಕೆಟ್‌ಬಾಲ್ ಶೂವಿನ ಅರ್ಧ ಬೆಲೆಯೂ ಆಗಲಿಲ್ಲ.

ನಡುವೆ ಇದೇ ವಿಧಾನವನ್ನು ನಾಟಕದ ಆಡಿಷನ್ನಿಗೂ ಹಚ್ಚಿ ನೋಡಿದೆ. ಓದಿರದ ಒಂದು ಪುಟ ಕೊಟ್ಟು ಹೊಸಬರ ಮುಂದೆ ಜೋರಾಗಿ ಓದಿಸುವುದು. ಎರಡು ಮಾತಿನ ಪಾತ್ರ ಸಿಕ್ಕಿತು. ಹಾಡಿಗೆ ಮಾತ್ರ ನಡೆಯಲಿಲ್ಲ. ಹೆದರಿಕೆ ಹೋದ ಮೇಲೆ ಗೊತ್ತಾಯಿತು, ಅಲ್ಲಿ ಶ್ರುತಿಯೇ ನಿಲ್ಲುತ್ತಿರಲಿಲ್ಲ. ನಿದ್ದೆಯ ಲೆಕ್ಕವನ್ನೂ ಇಟ್ಟೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಎಂಟಕ್ಕೆ ಇಳಿದ ವಾರ ಶನಿವಾರದ ಲೆಕ್ಕದಲ್ಲಿ ಎರಡು ಚೆಂಡು ಕಡಿಮೆಯಾಗುತ್ತಿತ್ತು. ಹೋಂವರ್ಕ್ ಬೆಳಿಗ್ಗೆಗೆ ಹಾಕಿ ರಾತ್ರಿ ಬೇಗ ಮಲಗಿಸಿದೆ.

ಸಾಲಿನಲ್ಲಿ ಕಾಯುವಾಗ ಮನಸ್ಸಿನಲ್ಲಿ ಏನು ಹೇಳಿಕೊಳ್ಳಬೇಕು ಅಂತ ಅವಳಿಗೆ ಒಂದು ಮಾತು ಕಲಿಸಿದ್ದೇನೆ. ಅರ್ಧ ಕೆಲಸ ಅದರದ್ದೇ. ಅದನ್ನು ಈಗ ಹೇಳುವುದಿಲ್ಲ. ಚಿಕ್ಕವನು ಇನ್ನೆರಡು ವರ್ಷಕ್ಕೆ ಆರನೇ ಕ್ಲಾಸಿಗೆ ಬರುತ್ತಾನೆ, ಅವನದೂ ಆಗಲಿ.

ನಿಜವಾದ ದಿನ ಪಿಟಿ ಮೇಷ್ಟ್ರು ಅವಳ ಹೆಸರನ್ನು ತಪ್ಪಾಗಿಯೇ ಕರೆದರಂತೆ. ಕೈ ಎತ್ತಿ ಸರಿಯಾದ ಹೆಸರು ಹೇಳಿ, ಗೆರೆಯ ಹಿಂದೆ ನಿಂತು ಮೊಣಕಾಲು ಬಗ್ಗಿಸಿದಳಂತೆ. ಮೂರಕ್ಕೆ ಮೂರೂ ಎತ್ತಿದ್ದಾಳೆ.

ಮೊನ್ನೆ ಅಕ್ಕ ಫೋನ್ ಮಾಡಿ, ಶನಿವಾರ ತನ್ನ ಮಗನನ್ನೂ ಕಳಿಸಲಾ ಅಂತ ಕೇಳಿದಳು. ಅವನಿಗೆ 19ನೇ ನಂಬರ್ ಚೀಟಿ ಬರೆದಿಟ್ಟಿದ್ದೇನೆ.