ಪಿಕಪ್ ಟ್ರಕ್ಕಿಗೆ ಭಾರವಾದ ಟ್ರಾವೆಲ್ ಟ್ರೈಲರ್ ಕಟ್ಟುವ ಮುನ್ನ

ಅಮೆರಿಕದಲ್ಲಿ ಪಿಕಪ್ ಟ್ರಕ್ ಇಟ್ಟುಕೊಂಡಿರುವ ನಮ್ಮವರು ಟ್ರಾವೆಲ್ ಟ್ರೈಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಕೊಳ್ಳಲು ಹೊರಟಾಗ ಮೊದಲು ನೋಡುವುದು ‘ಈ ಟ್ರಕ್ 11,000 ಪೌಂಡ್ ಎಳೆಯಬಲ್ಲದು’ ಎಂಬಂಥ ಜಾಹೀರಾತಿನ ಮಾತನ್ನು. ಆ ಅಂಕಿ ಸುಳ್ಳಲ್ಲ. ಆದರೆ ಸಂಸಾರ ಸಮೇತ ಹೊರಡುವವರಿಗೆ ಅದಕ್ಕಿಂತ ಮೊದಲೇ ಅಡ್ಡ ಬರುವ ಇನ್ನೊಂದು ಅಂಕಿಯಿದೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿಗೆ ಅಂಟಿಸಿದ ಹಳದಿ ಪಟ್ಟಿಯ ಚೀಟಿಯೊಂದು ಕಾಣುತ್ತದೆ. ಪ್ರಯಾಣಿಕರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಒಂದೇ ಮಾದರಿಯ ಎರಡು ಟ್ರಕ್ಕುಗಳಲ್ಲಿಯೂ ಇದು ಬೇರೆಯಾಗಿರಬಹುದಾದ್ದರಿಂದ ಸ್ನೇಹಿತರ ಟ್ರಕ್ಕಿನ ಅಂಕಿಯನ್ನು ನೆಚ್ಚದೆ ನಿಮ್ಮ ಬಾಗಿಲಿನ ಚೀಟಿಯನ್ನೇ ಓದಬೇಕು.

ಸಾಮಾನು ತುಂಬಿದ ಟ್ರೈಲರ್ 7,200 ಪೌಂಡ್ ತೂಗುತ್ತದೆ ಎನ್ನೋಣ. ಅದರ ಮೂತಿ ಟ್ರಕ್ಕಿನ ಹಿಚ್ (ಟ್ರೈಲರ್ ಕಟ್ಟಲು ಹಿಂದಿರುವ ಜೋಡಣೆ) ಮೇಲೆ ಊರುವ ಭಾರ, ಅಂದರೆ ಟಂಗ್ ವೇಯ್ಟ್, ಒಟ್ಟು ತೂಕದ ಶೇ. 10ರಿಂದ 15ರಷ್ಟಿರಬೇಕು, ನಡುವಿನ ಲೆಕ್ಕ ಹಿಡಿದರೆ 900 ಪೌಂಡ್. ಹಿಚ್ಚಿನ ಉಪಕರಣಕ್ಕೆ ಇನ್ನೊಂದು 100 ಸೇರಿಸಿ; ಇವೆರಡೂ ಪೇಲೋಡಿನ ಲೆಕ್ಕಕ್ಕೇ ಬರುತ್ತವೆ. ಚೀಟಿಯಲ್ಲಿ 1,550 ಎಂದಿದ್ದರೆ ಉಳಿಯುವುದು 550 ಪೌಂಡ್ ಮಾತ್ರ, ಮತ್ತು ದೊಡ್ಡವರಿಬ್ಬರು, ಬೆಳೆದ ಮಕ್ಕಳಿಬ್ಬರು ಕುಳಿತರೆ ಅದು ಅಲ್ಲಿಗೇ ಮುಗಿಯುತ್ತದೆ. ಜನರೇಟರು, ಸೌದೆ, ಅಕ್ಕಿಮೂಟೆಗಳಿಗೆ ಟ್ರಕ್ಕಿನ ಹಿಂಬದಿಯಲ್ಲಿ ಜಾಗವಿದ್ದರೂ ಲೆಕ್ಕದಲ್ಲಿ ಜಾಗವಿಲ್ಲ. ಮಾರುವವರು ಹೇಳುವ ಖಾಲಿ ತೂಕವನ್ನು ನಂಬದೆ, ಟ್ರೈಲರಿನ ಮೇಲೆ ನಮೂದಿಸಿದ ಗರಿಷ್ಠ ತೂಕವನ್ನೇ ಆಧಾರವಾಗಿಟ್ಟುಕೊಳ್ಳುವುದು ಕ್ಷೇಮ. ನೀರೊಂದೇ ಗ್ಯಾಲನ್ನಿಗೆ 8.3 ಪೌಂಡ್ ತೂಗುತ್ತದೆ; 40 ಗ್ಯಾಲನ್ನಿನ ತೊಟ್ಟಿ ತುಂಬಿಸಿದರೆ 330 ಪೌಂಡಿನಷ್ಟಾಯಿತು.

ಎತ್ತಿನ ಗಾಡಿಗೆ ಹೊರೆ ಹೇರುವುದನ್ನು ಕಂಡವರಿಗೆ ಟಂಗ್ ವೇಯ್ಟಿನ ಮರ್ಮವನ್ನು ವಿವರಿಸಬೇಕಿಲ್ಲ. ಮುಂಭಾರವಾದರೆ ನೊಗ ಎತ್ತುಗಳ ಕತ್ತನ್ನು ಒತ್ತುತ್ತದೆ, ಹಿಂಭಾರವಾದರೆ ಮೂಕಿಯೇ ಮೇಲೇಳುತ್ತದೆ. ಟ್ರೈಲರಿನಲ್ಲಿ ಹಿಂಭಾರ ಹೆಚ್ಚು ಅಪಾಯಕಾರಿ, ಏಕೆಂದರೆ ಮೂತಿ ಹಗುರಾದ ಟ್ರೈಲರ್ ವೇಗದಲ್ಲಿ ಬಾಲದಂತೆ ಬೀಸತೊಡಗುತ್ತದೆ. ಇಲ್ಲಿಯವರು ಅದನ್ನು ಸ್ವೇ ಎನ್ನುತ್ತಾರೆ. ಮೊದಲ ಪ್ರವಾಸದಲ್ಲಿ ನಾನು ನಾಲ್ಕು ಸೈಕಲ್ಲುಗಳನ್ನು ಹಿಂಬದಿಯ ಬಂಪರಿಗೆ ಕಟ್ಟಿ, ನೀರಿನ ಕ್ಯಾನುಗಳನ್ನೂ ಕಬ್ಬಿಣದ ಕಾವಲಿಯನ್ನೂ ಹಿಂದಿನ ಬೀರುವಿಗೆ ತುರುಕಿದ್ದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಯಾನ್ ಗೊರ್ಗೋನಿಯೊ ಕಣಿವೆಯಲ್ಲಿ, ಗಾಳಿಯಂತ್ರಗಳ ಸಾಲಿನ ಪಕ್ಕದಲ್ಲೇ, ಲಾರಿಯೊಂದು ನಮ್ಮನ್ನು ದಾಟಿ ಹೋದ ಕೂಡಲೇ ಕನ್ನಡಿಯಲ್ಲಿ ಟ್ರೈಲರಿನ ಎಡಗೋಡೆ ಕಂಡಿತು, ಮರುಕ್ಷಣ ಬಲಗೋಡೆ. ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಮಾತು ನಿಲ್ಲಿಸಿದರು. ಅಂದಿನಿಂದ ಭಾರದ ವಸ್ತುಗಳೆಲ್ಲ ಅಚ್ಚಿನ ಮುಂದೆ, ನೆಲಮಟ್ಟದಲ್ಲಿಯೇ.

ಅಂಥ ಹೊತ್ತಿನಲ್ಲಿ ಕಾಲು ತಾನಾಗಿ ಬ್ರೇಕಿನ ಕಡೆ ಹೋಗುತ್ತದೆ, ಹೋಗಬಾರದು. ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಡ್ಯಾಶ್‌ಬೋರ್ಡಿನಲ್ಲಿರುವ ಬ್ರೇಕ್ ಕಂಟ್ರೋಲರಿನ ಗುಂಡಿಯನ್ನು ಕೈಯಿಂದ ಒತ್ತಿ ಟ್ರೈಲರಿನ ಬ್ರೇಕನ್ನಷ್ಟೇ ಹಾಕಿದರೆ ಅದು ಹಿಂದಿನಿಂದ ಜಗ್ಗಿ ಸಾಲಿಗೆ ಬರುತ್ತದೆ. ಆ ಗುಂಡಿ ಎಲ್ಲಿದೆ ಎಂಬುದು ಕಣ್ಣು ಹಾಯಿಸದೆ ಕೈಗೆ ಗೊತ್ತಿರಬೇಕು.

ತೂಕವನ್ನು ಊಹಿಸುವ ಅಗತ್ಯವಿಲ್ಲ. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿರುತ್ತವೆ. ಮೊದಲು ಟ್ರೈಲರ್ ಕಟ್ಟಿಕೊಂಡು, ಹಿಚ್ಚಿನ ಸ್ಪ್ರಿಂಗ್ ಬಾರುಗಳನ್ನು, ಅಂದರೆ ಉಕ್ಕಿನ ಸರಳುಗಳನ್ನು, ಹಾಕದೆ ಒಮ್ಮೆ, ಹಾಕಿ ಇನ್ನೊಮ್ಮೆ, ಕೊನೆಗೆ ಟ್ರಕ್ಕನ್ನು ಮಾತ್ರ ತೂಗಿಸಬೇಕು. ಬಾರುಗಳಿಲ್ಲದ ತೂಕದಲ್ಲಿ ಟ್ರಕ್ಕಿನ ಎರಡೂ ಅಚ್ಚುಗಳ ಮೊತ್ತದಿಂದ ಬರಿಯ ಟ್ರಕ್ಕಿನ ತೂಕ ಕಳೆದರೆ ಸಿಗುವುದೇ ನಿಜವಾದ ಟಂಗ್ ವೇಯ್ಟ್. ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿನ ಈ ಬಾರುಗಳು, ಟ್ರೈಲರ್ ಹೇರಿದಾಗ ಹಗುರಾಗುವ ಮುಂದಿನ ಚಕ್ರಗಳಿಗೆ ಸ್ವಲ್ಪ ಭಾರವನ್ನು ಮರಳಿಸಿ ಸ್ಟೀರಿಂಗಿಗೆ ಹಿಡಿತ ಕೊಡುತ್ತವೆ. ಮಿತಿ ಮೀರಿದ ಟ್ರೈಲರನ್ನು ಅವು ಮಿತಿಯೊಳಗೆ ತರುವುದಿಲ್ಲ.

ಕಟ್ಟುವಾಗ ಹಿಚ್ಚಿನ ಬಾಲಿನ (ಉಕ್ಕಿನ ಗುಂಡಿನ) ಅಳತೆ ಅದರ ಮೇಲೆ ಕೂರುವ ಟ್ರೈಲರಿನ ಕಪ್ಲರಿಗೆ ಸರಿಹೊಂದಬೇಕು. 2 ಅಂಗುಲದ ಬಾಲಿನ ಮೇಲೆ 2 5/16 ಅಂಗುಲದ ಕಪ್ಲರ್ ಕುಳಿತಂತೆ ಕಂಡರೂ ಒಂದು ಕುಲುಕಿಗೆ ಕಳಚಿಕೊಳ್ಳಬಹುದು. ಕೊಂಡಿ ಹಾಕಿ ಪಿನ್ ಸಿಕ್ಕಿಸಿದ ಮೇಲೆ ಮುಂದಿನ ಜ್ಯಾಕನ್ನು ಒಂದಿಷ್ಟು ಎತ್ತಿ ನೋಡಿ: ಟ್ರಕ್ಕಿನ ಹಿಂಬದಿಯೂ ಜೊತೆಗೆ ಏಳಬೇಕು. ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಿದರೆ, ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಕುಕ್ಕದೆ ಅವುಗಳ ಮೇಲೆ ಕೂರುತ್ತದೆ. ಬ್ರೇಕ್‌ಅವೇ ತಂತಿಯನ್ನು (ಟ್ರೈಲರ್ ಕಳಚಿಹೋದರೆ ಅದರ ಬ್ರೇಕನ್ನು ತಾನಾಗಿ ಹಾಕುವಂಥದ್ದು) ಸರಪಳಿಗೆ ಸಿಕ್ಕಿಸದೆ ಟ್ರಕ್ಕಿಗೇ ಬೇರೆಯಾಗಿ ಕಟ್ಟಬೇಕು.

ಬ್ರೇಕ್ ಕಂಟ್ರೋಲರನ್ನು ಹೊಂದಿಸಲು ಖಾಲಿಯಾದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಗುಂಡಿ ಒತ್ತಿ, ಟ್ರೈಲರಿನ ಚಕ್ರಗಳು ಕಚ್ಚಿಕೊಳ್ಳುವ ಹಂತ ಕಂಡುಕೊಂಡು, ಅದಕ್ಕಿಂತ ಸ್ವಲ್ಪ ಕಡಿಮೆಗೆ ಇಡಬೇಕು. ಲಾಸ್ ಏಂಜಲೀಸಿನ ಉತ್ತರಕ್ಕಿರುವ ಗ್ರೇಪ್‌ವೈನ್‌ನಂಥ ಶೇ. 6ರ ಇಳಿಜಾರಿನಲ್ಲಿ ಇಳಿತ ಶುರುವಾಗುವ ಮೊದಲೇ ಟ್ರಕ್ಕನ್ನು ಟೋ-ಹಾಲ್ ಮೋಡಿಗೆ, ಅಂದರೆ ಭಾರ ಎಳೆಯುವಾಗಿನ ಗೇರ್ ವ್ಯವಸ್ಥೆಗೆ, ಹಾಕಿ ಕೆಳಗಿನ ಗೇರಿಗೆ ಬರಬೇಕು. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಸಾಕಷ್ಟು ತಗ್ಗಿಸಿ, ಪೂರ್ತಿ ಬಿಟ್ಟು ತಣಿಯಲು ಬಿಡಬೇಕು. ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕು ಕಾದು ಸುಟ್ಟ ವಾಸನೆ ಬರುವ ಹೊತ್ತಿಗೆ ಹಿಡಿತ ಹೋಗಿರುತ್ತದೆ.

ಟ್ರೈಲರಿನ ಎಸ್‌ಟಿ (ಸ್ಪೆಷಲ್ ಟ್ರೈಲರ್) ಟೈರುಗಳಲ್ಲಿ ಹಲವಕ್ಕೆ ಗಂಟೆಗೆ 65 ಮೈಲಿಯೇ ಗರಿಷ್ಠ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಎಳೆಯುವವರಿಗೆ ಕಾನೂನಿನ ಮಿತಿ 55. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ, ಬೆಳಗ್ಗೆ ಹೊರಡುವ ಮೊದಲು ನೋಡಿಕೊಳ್ಳಿ. ಚಕ್ರ ಬಿಚ್ಚಿ ಹಾಕಿದ್ದರೆ 50 ಮೈಲಿ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಯಬೇಕು.

ಹಿಂದಕ್ಕೆ ತೆಗೆಯುವಾಗ ಸ್ಟೀರಿಂಗಿನ ಕೆಳತುದಿಯನ್ನು ಹಿಡಿದರೆ, ಕೈ ಸರಿದ ಕಡೆಗೇ ಟ್ರೈಲರಿನ ಹಿಂಬದಿ ಸರಿಯುತ್ತದೆ. ಹೊರಗೆ ನಿಂತು ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣುವಂತಿರಲಿ; ಅವರು ಕಾಣದಾದ ಕೂಡಲೇ ನಿಲ್ಲಿಸಿ. ತಂಗುವ ಜಾಗದಲ್ಲಿ ಎರಡೂ ಬದಿಯ ಗಾಲಿಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು, ಅವು ಗಟ್ಟಿಯಾಗಿ ಕೂತಿವೆಯೇ ಎಂದು ಒದ್ದು ನೋಡಿದ ಮೇಲಷ್ಟೇ ಕಪ್ಲರಿನ ಕೊಂಡಿಗೆ ಕೈ ಹಾಕಬೇಕು.