ಅಲ್ಯೂಮಿನಿಯಂ ರೇಖೆಗೆ ತಕ್ಕ ಸ್ಫಟಿಕ: ನನ್ನ ಅನುಭವ

ಅಲ್ಯೂಮಿನಿಯಂ ಲೋಹವೂ ಅದರ ಆಕ್ಸೈಡೂ ಸೂಸುವ ಕೆ-ಆಲ್ಫಾ ಎಕ್ಸ್-ಕಿರಣ ರೇಖೆಗಳ (ಪರಮಾಣುವಿನ ಅತ್ಯಂತ ಒಳಕವಚದ ಖಾಲಿ ಜಾಗಕ್ಕೆ ಮುಂದಿನ ಕವಚದ ಎಲೆಕ್ಟ್ರಾನ್ ಇಳಿದಾಗ ಹೊಮ್ಮುವ ಕಿರಣಗಳ) ನಡುವಿನ ಶಕ್ತಿಯ ಅಂತರ ಅರ್ಧ ಎಲೆಕ್ಟ್ರಾನ್ ವೋಲ್ಟ್‌ಗಿಂತಲೂ ಕಡಿಮೆ. ಸುಮಾರು 1487 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ರೇಖೆಯಲ್ಲಿ ಇಷ್ಟು ಸಣ್ಣ ಪಲ್ಲಟವನ್ನು ಅಳೆಯಲು ಹೊರಟಾಗ ನಾನು ಹೆಚ್ಚು ಯೋಚಿಸಿದ್ದು ಸ್ಫಟಿಕದ ಆಯ್ಕೆಯ ಬಗ್ಗೆ.

ಈ ರೇಖೆಯ ತರಂಗಾಂತರ 8.34 ಆಂಗ್‌ಸ್ಟ್ರಾಮ್. ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ, ಗೆರೆ ಕೊರೆದ ಸಾಮಾನ್ಯ ಗ್ರೇಟಿಂಗ್‌ನಲ್ಲಿ ಗೆರೆಗಳ ಅಂತರ ಇದರ ಸಾವಿರ ಪಟ್ಟಿನಷ್ಟಿರುತ್ತದೆ. ಸ್ಫಟಿಕದಲ್ಲಾದರೆ ಪದರಗಳ ಅಂತರವೇ ತರಂಗಾಂತರದ ಅಳತೆಗೆ ಹತ್ತಿರವಿದ್ದು, ಗ್ರೇಟಿಂಗ್‌ನ ಕೆಲಸವನ್ನು ಅದೇ ಮಾಡುತ್ತದೆ. ಪದರಾಂತರದ ಇಮ್ಮಡಿಯನ್ನು ಕೋನದ ಸೈನ್ ಬೆಲೆಯಿಂದ ಗುಣಿಸಿದಾಗ ತರಂಗಾಂತರವೋ ಅದರ ಪೂರ್ಣಾಂಕ ಪಟ್ಟೋ ಬರುವ ಕೋನದಲ್ಲಿ ಮಾತ್ರ ಸ್ಫಟಿಕ ಕಿರಣವನ್ನು ಪ್ರತಿಫಲಿಸುತ್ತದೆ ಎನ್ನುವ ಬ್ರಾಗ್ ನಿಯಮದ ಪ್ರಕಾರ ಈ ಇಮ್ಮಡಿಯು ತರಂಗಾಂತರಕ್ಕಿಂತ ಕಡಿಮೆಯಿರಬಾರದು. ಆದರೆ ಎಷ್ಟು ಹೆಚ್ಚಿರಬೇಕು ಎಂಬುದರಲ್ಲೇ ಪೃಥಕ್ಕರಣದ, ಅಂದರೆ ಹತ್ತಿರದ ರೇಖೆಗಳನ್ನು ಬಿಡಿಸಿ ನೋಡುವ ಸಾಮರ್ಥ್ಯದ, ಗುಟ್ಟಿದೆ.

ಪೊಟ್ಯಾಸಿಯಂ ಆ್ಯಸಿಡ್ ಥ್ಯಾಲೇಟ್, ಅಂದರೆ ಕೆಎಪಿ ಸ್ಫಟಿಕದಲ್ಲಿ ಈ ಇಮ್ಮಡಿ 26.6 ಆಂಗ್‌ಸ್ಟ್ರಾಮ್, ಅಲ್ಯೂಮಿನಿಯಂ ರೇಖೆ ಸುಮಾರು 18 ಡಿಗ್ರಿಯಲ್ಲಿ ಸಿಗುತ್ತದೆ. ಪೆಂಟಾಎರಿಥ್ರಿಟಾಲ್‌ನಲ್ಲಿ, ಅಂದರೆ ಪಿಇಟಿಯಲ್ಲಿ, ಅದು 8.74 ಆಗಿರುವುದರಿಂದ ರೇಖೆ 72.5 ಡಿಗ್ರಿಗೆ ಏರುತ್ತದೆ. ಕೋನದ ಹರಹನ್ನು ಕೋನದ ಟ್ಯಾಂಜೆಂಟ್‌ನಿಂದ ಭಾಗಿಸಿದರೆ ತರಂಗಾಂತರದ ಸಾಪೇಕ್ಷ ಹರಹು ದೊರೆಯುತ್ತದೆ. ತೆಳು ಲೋಹದ ಹಾಳೆಗಳನ್ನು ಸಮಾನಾಂತರವಾಗಿ ಜೋಡಿಸಿದ ಸೋಲರ್ ಕಾಲಿಮೇಟರ್ 0.05 ಡಿಗ್ರಿ ಹರಹನ್ನು ಬಿಟ್ಟುಕೊಟ್ಟರೆ, ಅದರಿಂದಾಗುವ ಮಸುಕು ಕೆಎಪಿಯಲ್ಲಿ ಸುಮಾರು 3.9 ಎಲೆಕ್ಟ್ರಾನ್ ವೋಲ್ಟ್, ಪಿಇಟಿಯಲ್ಲಿ 0.4. ಫ್ಲೋರಿನ್, ಸೋಡಿಯಂ, ಮೆಗ್ನೀಸಿಯಂಗಳನ್ನು ಒಂದೇ ಸ್ಫಟಿಕದಿಂದ ನೋಡುವವರಿಗೆ ಕೆಎಪಿ ಉಪಕಾರಿಯೇ. ನನ್ನ ಪ್ರಶ್ನೆಗೆ ಮಾತ್ರ ಅದು ಒಗ್ಗುವಂಥದಲ್ಲ.

ಪಿಇಟಿ ಮೆತ್ತಗಿನ ಸ್ಫಟಿಕ. ಎಕ್ಸ್-ಕಿರಣ ಬೀಳುತ್ತಾ ಹೋದಂತೆ ಅದರ ಪ್ರತಿಫಲನ ಕುಗ್ಗುತ್ತದೆ, ಉಷ್ಣತೆಗೆ ಅದು ಸಿಲಿಕಾನ್‌ಗಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಪದರಾಂತರ ಬದಲಾದರೆ ರೇಖೆಯೂ ಸರಿಯುವುದರಿಂದ, ನಾನು ರೋಹಿತಮಾಪಕದ ಕೋಣೆಯ ತಾಪವನ್ನು ಸ್ಥಿರವಾಗಿಟ್ಟು, ಪ್ರತಿ ಆಕ್ಸೈಡ್ ಮಾದರಿಯ ಹಿಂದೆ ಮುಂದೆ ಲೋಹದ ರೇಖೆಯನ್ನೂ ಅಳೆದೆ. ಇಷ್ಟು ಮೃದುವಾದ ಕಿರಣವನ್ನು ಒಂದೆರಡು ಸೆಂಟಿಮೀಟರ್ ಗಾಳಿಯೇ ಬಹುಪಾಲು ಹೀರಿಬಿಡುವುದರಿಂದ ದಾರಿಯುದ್ದಕ್ಕೂ ನಿರ್ವಾತ ಬೇಕು. ಎಣಿಕೆಗೆ ತೆಳುಕಿಟಕಿಯ ಅನಿಲ ಪ್ರವಾಹದ ಪ್ರೊಪೋರ್ಷನಲ್ ಕೌಂಟರ್ ಬಳಸಿದೆ, ಕಿರಣದ ಶಕ್ತಿಗೆ ತಕ್ಕ ಎತ್ತರದ ವಿದ್ಯುತ್ ಸ್ಪಂದವನ್ನು ಅದು ಕೊಡುತ್ತದೆ. ಅದರಲ್ಲಿ ಹರಿಯುವುದು 90 ಭಾಗ ಆರ್ಗಾನ್, 10 ಭಾಗ ಮೀಥೇನ್. ಎರಡನೇ ಕ್ರಮಾಂಕದ, ಅಂದರೆ ಅರ್ಧ ತರಂಗಾಂತರದ, ಕಿರಣ ಅದೇ ಕೋನದಲ್ಲಿ ಬಂದರೂ ಅದರ ಸ್ಪಂದದ ಎತ್ತರ ಎರಡರಷ್ಟಿರುವುದರಿಂದ ಬೇರ್ಪಡಿಸುವುದು ಸುಲಭ.

ಕೆ-ಆಲ್ಫಾ ಪಲ್ಲಟ ರೇಖೆಯ ಸಹಜ ಅಗಲಕ್ಕಿಂತಲೂ ದೊಡ್ಡದಲ್ಲ, ಹಾಗಾಗಿ ತುದಿಯೊಂದನ್ನೇ ನಂಬದೆ ಇಡೀ ರೇಖೆಯ ಆಕಾರಗಳನ್ನು ಹೋಲಿಸಬೇಕಾಯಿತು. ಅದೇ ಸ್ಫಟಿಕವನ್ನು 66 ಡಿಗ್ರಿಯ ಸುತ್ತ ತಿರುಗಿಸಿದರೆ ಬಂಧದಲ್ಲಿ ಪಾಲ್ಗೊಳ್ಳುವ ಹೊರಕವಚದ ಎಲೆಕ್ಟ್ರಾನ್ ಇಳಿಯುವುದರಿಂದ ಬರುವ ಕೆ-ಬೀಟಾ ರೇಖೆ ಸಿಗುತ್ತದೆ. ತೀರಾ ಕ್ಷೀಣವಾದ ಆ ರೇಖೆಗೆ ದೀರ್ಘ ಎಣಿಕೆ ಬೇಕು, ಆದರೆ ಅಲ್ಲಿ ಆಕ್ಸೈಡಿನ ರೇಖೆ ಕೆಲವು ಎಲೆಕ್ಟ್ರಾನ್ ವೋಲ್ಟ್‌ಗಳಷ್ಟು ಕೆಳಗೆ ಸರಿಯುವುದಲ್ಲದೆ, ಇನ್ನೂ ಕಡಿಮೆ ಶಕ್ತಿಯ ಕಡೆ ಆಮ್ಲಜನಕದೊಂದಿಗಿನ ಬಂಧವನ್ನು ಸೂಚಿಸುವ ಸಣ್ಣ ಉಪಶಿಖರವೂ ಕಾಣಿಸುತ್ತದೆ. ಲೋಹವೋ ಆಕ್ಸೈಡೋ ಎಂಬುದನ್ನು ನಾನು ಈಗ ಮೊದಲು ನೋಡುವುದು ಅಲ್ಲೇ.