ಫೋನಿನ ಕೆಲಸಗಳನ್ನು ಒಂದೊಂದಾಗಿ ಬಿಡಿಸಿಕೊಂಡದ್ದು

2023ರ ಫೆಬ್ರುವರಿಯಲ್ಲಿ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ಹಂಚಿದ ಮರುದಿನ, ಒಬ್ಬ ವಿದ್ಯಾರ್ಥಿನಿ ತನ್ನ ಪತ್ರಿಕೆಯನ್ನು ಹಿಡಿದುಕೊಂಡು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. "ಸರ್, ಈ ಪುಟ ನೋಡಿಲ್ಲ ಅನಿಸ್ತದೆ" ಎಂದು ಬಹಳ ಸಂಕೋಚದಿಂದ ಹೇಳಿದಳು. ನಿಮ್ನ ದರ್ಪಣದ ಎರಡು ಕಿರಣ ರೇಖಾಚಿತ್ರಗಳನ್ನು, ವಕ್ರತಾ ಕೇಂದ್ರ ಮತ್ತು ಪ್ರಧಾನ ಸಂಗಮ ಬಿಂದುಗಳನ್ನು ಗುರುತಿಸಿ, ಪ್ರತಿ ಕಿರಣಕ್ಕೂ ಬಾಣದ ಗುರುತು ಹಾಕಿ ಬರೆದಿದ್ದ ಆ ಪುಟದಲ್ಲಿ ನನ್ನ ಕೆಂಪು ಶಾಯಿಯ ಒಂದು ಚುಕ್ಕೆಯೂ ಇರಲಿಲ್ಲ. ನಾಲ್ಕು ಅಂಕಗಳನ್ನು ಸೇರಿಸಿ, ತಪ್ಪು ನನ್ನದೆಂದು ಹೇಳಿ ಅವಳನ್ನು ಕಳುಹಿಸಿದೆನಾದರೂ ಆ ದಿನ ಪೂರ್ತಿ ನನ್ನ ಮನಸ್ಸು ಆ ಖಾಲಿ ಅಂಚಿನಲ್ಲೇ ಇತ್ತು. ಮೌಲ್ಯಮಾಪನ ಮಾಡಿದ ರಾತ್ರಿ ಮೇಜಿನ ಮೇಲೆ ಪತ್ರಿಕೆಗಳ ಕಟ್ಟಿನ ಪಕ್ಕದಲ್ಲೇ ಫೋನ್ ಇತ್ತು. ಪುಟ ತಿರುಗಿಸುವ ಹೊತ್ತಿಗೆ ಅದು ಮಿಣುಕಿತು, ನಾನು ಎತ್ತಿಕೊಂಡೆ, ಇಟ್ಟು ಮರಳಿದಾಗ ಒಂದು ಪುಟ ಮುಂದೆ ಹೋಗಿದ್ದೆ. ಇದಕ್ಕಿಂತ ಬೇರೆ ವಿವರಣೆ ನನಗೆ ಹೊಳೆಯಲಿಲ್ಲ.

ನಾನು ಶಿರಸಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಫೋನೇ ನಮ್ಮ ಶಾಲೆಯಾಯಿತು. ಪಾಠದ ವಿಡಿಯೊ ಕಳುಹಿಸುವುದು, ಮಕ್ಕಳು ಬರೆದ ಮನೆಗೆಲಸದ ಚಿತ್ರಗಳನ್ನು ನೋಡುವುದು, ಇಲಾಖೆಗೆ ಮಾಹಿತಿ ಕೊಡುವುದು, ಎಲ್ಲವೂ ಅದರಲ್ಲೇ ನಡೆಯತೊಡಗಿದವು. ಅದೇ ವರ್ಷ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ಮೇಲೆ ಭಾರತದಲ್ಲಿ ನಿಷೇಧ ಬಂದಿತು. ಜುಲೈ ತಿಂಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲಿಗೆ ಕಾಲಿಟ್ಟವು. ಅಂದರೆ ಕರ್ತವ್ಯವೇ ನಮ್ಮ ಕೈಗೆ ದಿನವಿಡೀ ಫೋನ್ ಕೊಟ್ಟ ತಿಂಗಳುಗಳಲ್ಲೇ ಅದರೊಳಗೆ ಮುಗಿಯದ ಕಿರು ವಿಡಿಯೊಗಳ ಹೊಳೆಯೂ ಹರಿದು ಬಂದಿತು. ಶಾಲೆ ಮತ್ತೆ ತೆರೆಯಿತು, ಆದರೆ ಆ ಅಭ್ಯಾಸ ಬಿಟ್ಟುಹೋಗಲಿಲ್ಲ.

ಆ ಫೆಬ್ರುವರಿಯಲ್ಲಿ ನಾನು ಮಾಡಿದ ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ಒಂದು ಭಾನುವಾರ ಎಲ್ಲ ಮನರಂಜನೆಯ ಆ್ಯಪ್‌ಗಳನ್ನು ತೆಗೆದುಹಾಕಿದೆ, ಎಲ್ಲ ಗುಂಪುಗಳ ಸದ್ದನ್ನು ಅಡಗಿಸಿದೆ, ಫೋನನ್ನು ಕಪಾಟಿನಲ್ಲಿಟ್ಟೆ. ಬುಧವಾರ ಸಂಜೆ ಐದು ಗಂಟೆಯೊಳಗೆ ಅಂಕಿ-ಅಂಶ ಕಳುಹಿಸಲು ಹೇಳಿದ್ದ ಒಂದು ಸಂದೇಶ ನನ್ನ ಕಣ್ಣಿಗೆ ಬೀಳಲಿಲ್ಲ. ಮುಖ್ಯೋಪಾಧ್ಯಾಯರು ನನ್ನ ಪರವಾಗಿ ರಾತ್ರಿ ಕುಳಿತು ಅದನ್ನು ತುಂಬಿಸಬೇಕಾಯಿತು. ಗುರುವಾರ ಎಲ್ಲ ಆ್ಯಪ್‌ಗಳೂ ಮರಳಿ ಬಂದಿದ್ದವು. ಫೋನನ್ನು ಪೂರ್ತಿ ದೂರವಿಡುವ ಸಲಹೆ ಕೊಡುವವರ ಬದುಕಿನಲ್ಲಿ ಬಹುಶಃ ಫೋನಿನ ಮೂಲಕವೇ ಬರುವ ಕರ್ತವ್ಯಗಳು ಕಡಿಮೆ ಇರುತ್ತವೆ ಎಂದು ನನಗೆ ಆಗ ಅನ್ನಿಸಿತು, ಈಗಲೂ ಹಾಗೆಯೇ ಅನ್ನಿಸುತ್ತದೆ.

ಎರಡನೆಯ ಸಲ ಏನನ್ನೂ ತೆಗೆಯದೆ, ಮೊದಲು ಅಳೆಯಲು ನಿರ್ಧರಿಸಿದೆ. ಆಂಡ್ರಾಯ್ಡ್ ಫೋನುಗಳಲ್ಲಿ 2018ರಿಂದೀಚೆಗೆ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ವ್ಯವಸ್ಥೆಯಿದೆ; ದಿನಕ್ಕೆ ಎಷ್ಟು ಹೊತ್ತು ಪರದೆ ನೋಡಿದಿರಿ, ಎಷ್ಟು ಸಲ ಲಾಕ್ ತೆರೆದಿರಿ, ಎಷ್ಟು ನೋಟಿಫಿಕೇಶನ್ ಬಂದವು ಎಂಬುದನ್ನು ಅದು ತೋರಿಸುತ್ತದೆ. ಆದರೆ ಯಾಕಾಗಿ ತೆರೆದಿರಿ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ನಲವತ್ತು ಪುಟದ ಒಂದು ನೋಟ್‌ಬುಕ್ ತಂದು, ಎರಡು ವಾರ ಕಾಲ ಫೋನ್ ಎತ್ತಿದಾಗಲೆಲ್ಲ ಮೂರೇ ವಿಷಯಗಳನ್ನು ಬರೆದುಕೊಂಡೆ: ಎತ್ತಿದ ಸಮಯ, ಎತ್ತಿದ ಕಾರಣ, ಇಟ್ಟ ಸಮಯ. ತರಗತಿಯಲ್ಲಿ ಮಕ್ಕಳಿಗೆ ಪ್ರಯೋಗದ ವೀಕ್ಷಣೆಗಳನ್ನು ಬರೆಯಲು ಹೇಳಿಕೊಡುವ ಕೋಷ್ಟಕವೇ ಅದು.

ಒಂದು ಮಂಗಳವಾರದ ಪುಟ ಈಗಲೂ ನನ್ನ ಬಳಿ ಇದೆ. ಬೆಳಿಗ್ಗೆ 5.40, ಅಲಾರಂ ನಿಲ್ಲಿಸಲು, ಇಟ್ಟದ್ದು 6.05. 7.10, ಗಂಟೆ ಎಷ್ಟೆಂದು ನೋಡಲು, ಇಟ್ಟದ್ದು 7.22. 7.48, ಮತ್ತೆ ಗಂಟೆ ನೋಡಲು, ಇಟ್ಟದ್ದು 7.55, ಆದರೆ ಗಂಟೆ ಎಷ್ಟಾಗಿತ್ತೆಂದು ನೋಡಲು ಮರೆತಿದ್ದೆ. ಸಂಜೆ 6.30ಕ್ಕೆ ವಿದ್ಯುತ್ ಹೋದಾಗ ಟಾರ್ಚಿಗಾಗಿ, ಇಟ್ಟದ್ದು 7.15. ರಾತ್ರಿ 8.20, ಅಡಿಕೆಯ ದರ ನೋಡಲು, ಇಟ್ಟದ್ದು 9.10.

ಎರಡು ವಾರದ ಪುಟಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. 'ಸುಮ್ಮನೆ' ಎಂದು ಬರೆದ ಸಾಲುಗಳು ನಾನು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇದ್ದವು. ಬಹುಪಾಲು ಸಲ ನಾನು ಫೋನ್ ಎತ್ತಿದ್ದು ನ್ಯಾಯವಾದ, ಚಿಕ್ಕದೊಂದು ಕೆಲಸಕ್ಕಾಗಿಯೇ. ಆ ಕೆಲಸ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು, ಉಳಿದ ಇಪ್ಪತ್ತು ನಿಮಿಷ ಅದರ ಬೆನ್ನಿಗೆ ಬರುತ್ತಿತ್ತು. ಗಂಟೆ, ಅಲಾರಂ, ಟಾರ್ಚು, ಲೆಕ್ಕ, ದರ ಎಲ್ಲವೂ ಒಂದೇ ಬಾಗಿಲಿನ ಹಿಂದೆ ಇದ್ದುದರಿಂದ, ಯಾವುದಕ್ಕೆ ಬಾಗಿಲು ತೆರೆದರೂ ಒಳಗಿನ ಸಂತೆಯನ್ನು ಹಾದೇ ಹೋಗಬೇಕಿತ್ತು. ಹಾಗಾಗಿ ನನ್ನ ಮನಸ್ಸನ್ನು ಗಟ್ಟಿಮಾಡಿಕೊಳ್ಳುವ ಯೋಚನೆಯನ್ನು ಬಿಟ್ಟು, ಆ ಚಿಕ್ಕ ಕೆಲಸಗಳನ್ನು ಒಂದೊಂದಾಗಿ ಫೋನಿನಿಂದ ಹೊರಗೆ ತರಲು ತೊಡಗಿದೆ. ವಾರಕ್ಕೆ ಒಂದು ಕೆಲಸ, ಅದಕ್ಕಿಂತ ಹೆಚ್ಚಿಲ್ಲ.

ಮೊದಲು ಹೊರಬಂದದ್ದು ಗಂಟೆ. ಅಪ್ಪನ ಪೆಟ್ಟಿಗೆಯಲ್ಲಿ ಒಂದು ಎಚ್‌ಎಂಟಿ ಜನತಾ ಇತ್ತು, ಹದಿನೇಳು ಜ್ಯುವೆಲ್‌ಗಳ, ಕೀಲಿ ಕೊಡುವ ಕೈಗಡಿಯಾರ. ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಆ ಗಡಿಯಾರದ ಉದ್ಯಮವನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತಾದರೂ, ರಿಪೇರಿ ಮಾಡುವವರ ಡಬ್ಬಿಗಳಲ್ಲಿ ಅದರ ಬಿಡಿಭಾಗಗಳು ಇನ್ನೂ ಸಿಗುತ್ತವೆ. ನಮ್ಮ ಪೇಟೆಯ ರಿಪೇರಿಯವರು ಅದನ್ನು ಬಿಚ್ಚಿ, ಎಣ್ಣೆ ಹಾಕಿ, ಹೊಸ ಪಟ್ಟಿ ಕಟ್ಟಿಕೊಟ್ಟರು. ದಿನವೂ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಆ ಸಣ್ಣ ಗುಂಡಿಯನ್ನು ತಿರುಗಿಸುವಾಗ ಒಳಗಿನ ಸ್ಪ್ರಿಂಗು ಮೆಲ್ಲನೆ ಬಿಗಿಯಾಗುತ್ತ ಬಂದು, ಇನ್ನು ಸಾಕು ಎಂಬಂತೆ ತಡೆಯುವ ಆ ಕ್ಷಣ ನನಗೆ ಈಗ ಬಹಳ ಪ್ರಿಯವಾಗಿದೆ. ಗಂಟೆ ನೋಡಲೆಂದು ಫೋನ್ ಎತ್ತುವುದು ಅದೇ ವಾರ ನಿಂತಿತು. ಎರಡನೆಯ ವಾರ ಅಲಾರಂ ಗಡಿಯಾರ, ಮೂರನೆಯ ವಾರ ಒಂದು ಕೈಟಾರ್ಚು ಬಂದವು. ಮಲೆನಾಡಿನ ಮಳೆಗಾಲದಲ್ಲಿ ಟಾರ್ಚು ಹೇಗೂ ಬೇಕು, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಅಲಾರಂ ಗಡಿಯಾರ ತಂದದ್ದರ ಹೆಚ್ಚಿನ ಲಾಭವೆಂದರೆ ಫೋನ್ ಮಲಗುವ ಕೋಣೆಯಿಂದ ಹೊರಗೆ ಹೋದದ್ದು. ಅದರ ಚಾರ್ಜರನ್ನು ಜಗಲಿಯ ಗೋಡೆಯ ಪ್ಲಗ್ಗಿಗೆ ಹಾಕಿ, ಮೇಲೊಂದು ಮರದ ಹಲಗೆ ಹೊಡೆಸಿದೆ. ಅದಕ್ಕೂ ಮೊದಲು ಪರದೆಯನ್ನು ಹಳದಿಯಾಗಿಸುವ ರಾತ್ರಿ ಬೆಳಕಿನ ಸೌಲಭ್ಯವನ್ನು ಹಲವು ತಿಂಗಳು ಬಳಸಿದ್ದೆ. ನನ್ನ ಅನುಭವದಲ್ಲಿ ನಿದ್ದೆ ಕೆಡಿಸುತ್ತಿದ್ದುದು ಬೆಳಕಿನ ಬಣ್ಣಕ್ಕಿಂತ ಹೆಚ್ಚಾಗಿ ಪರದೆಯ ಮೇಲಿನ ವಿಷಯ. ಹಳದಿ ಬೆಳಕಿನಲ್ಲೂ ನಾನು ಹನ್ನೆರಡು ಗಂಟೆಯ ತನಕ ಓದುತ್ತಲೇ ಇದ್ದೆ.

ಆದರೆ ರಾತ್ರಿ ಯಾರಿಗಾದರೂ ತುರ್ತು ಬಂದರೆ ಎಂಬ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು, ಅದು ಸಹಜವೂ ಹೌದು. ಇದಕ್ಕೆ ಫೋನಿನಲ್ಲೇ ಉತ್ತರವಿದೆ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ. ಫೋನಿನ ಸದ್ದುಗಳನ್ನು ತಡೆಯುವ 'ಡು ನಾಟ್ ಡಿಸ್ಟರ್ಬ್' ಹಾಕಿದಾಗಲೂ ನಕ್ಷತ್ರ ಗುರುತು ಹಾಕಿದ ಸಂಪರ್ಕಗಳ ಕರೆ ಮಾತ್ರ ರಿಂಗಾಗುವಂತೆ ಮಾಡಬಹುದು. ಜೊತೆಗೆ, ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೆಯ ಸಲ ಕರೆ ಮಾಡಿದರೆ ಆ ಕರೆ ರಿಂಗಾಗಲು ಬಿಡುವ ಆಯ್ಕೆಯೂ ಇದೆ. ನಾನು ಎರಡನ್ನೂ ಹಾಕಿ, ಬಂಧುಗಳಿಗೂ ಸಹೋದ್ಯೋಗಿಗಳಿಗೂ "ತುರ್ತಿದ್ದರೆ ಸಂದೇಶ ಬೇಡ, ಕರೆ ಮಾಡಿ, ಎತ್ತದಿದ್ದರೆ ಕೂಡಲೇ ಇನ್ನೊಮ್ಮೆ ಮಾಡಿ" ಎಂದು ತಿಳಿಸಿದೆ. ಆ ವರ್ಷ ಆಗಸ್ಟಿನ ಒಂದು ರಾತ್ರಿ ಹನ್ನೊಂದೂವರೆಗೆ ಪಕ್ಕದ ಊರಿನ ಚಿಕ್ಕಪ್ಪನ ಮನೆಯಿಂದ ಹೊಸ ಸಂಖ್ಯೆಯೊಂದರಿಂದ ಕರೆ ಬಂದಿತು. ಮೊದಲ ಕರೆ ನಮಗೆ ಕೇಳಲಿಲ್ಲ. ಎರಡನೆಯದು ಜಗಲಿಯಿಂದ ಜೋರಾಗಿ ಕೇಳಿತು, ನಾವು ಕಾರು ತೆಗೆದುಕೊಂಡು ಹೋಗಿ ಅವರನ್ನು ಸಮಯಕ್ಕೆ ಆಸ್ಪತ್ರೆಗೆ ಸೇರಿಸಿದೆವು. ಆ ರಾತ್ರಿಯ ಬಳಿಕ ಫೋನ್ ಜಗಲಿಯಲ್ಲಿರುವುದಕ್ಕೆ ಮನೆಯಲ್ಲಿ ಯಾರೂ ಆಕ್ಷೇಪ ಎತ್ತಿಲ್ಲ.

ಇನ್ನು ವಾಟ್ಸ್ಆ್ಯಪ್ ಗುಂಪುಗಳು. ನಾನಿದ್ದ ಗುಂಪುಗಳ ಸಂಖ್ಯೆ ಮೂವತ್ತನಾಲ್ಕು. ಅವುಗಳಿಂದ ಹೊರಬರುವುದು ನಮ್ಮ ಸಂಬಂಧಗಳಲ್ಲಿ ಸುಲಭವಲ್ಲ. ಗುಂಪು ಬಿಟ್ಟವನು ಮುನಿಸಿಕೊಂಡಿದ್ದಾನೆಂದೇ ಅರ್ಥ. 2020ರಲ್ಲಿ ಗುಂಪುಗಳನ್ನು ಶಾಶ್ವತವಾಗಿ ಮ್ಯೂಟ್ ಮಾಡುವ ಅವಕಾಶ ಬಂದಿತು, 2021ರಲ್ಲಿ ಆರ್ಕೈವ್ ಮಾಡಿದ, ಅಂದರೆ ಮುಖ್ಯ ಪಟ್ಟಿಯಿಂದ ಬೇರೆಡೆ ಸರಿಸಿಟ್ಟ ಗುಂಪು ಹೊಸ ಸಂದೇಶ ಬಂದರೂ ಆರ್ಕೈವಿನಲ್ಲೇ ಉಳಿಯುವ ವ್ಯವಸ್ಥೆಯಾಯಿತು. ಎರಡನ್ನೂ ಸೇರಿಸಿದರೆ ಗುಂಪು ಬಿಟ್ಟಂತೆ ಯಾರಿಗೂ ಕಾಣುವುದಿಲ್ಲ, ನಮ್ಮ ಕಣ್ಣಿಗೆ ಅದು ಬೀಳುವುದೂ ಇಲ್ಲ. ಕರ್ತವ್ಯಕ್ಕೆ ಸೇರಿದ ಮೂರು ಗುಂಪುಗಳನ್ನು ಮಾತ್ರ ಮೇಲೆ ಪಿನ್ ಮಾಡಿಟ್ಟು, ಬೆಳಿಗ್ಗೆ ಒಂಬತ್ತೂವರೆ, ಮಧ್ಯಾಹ್ನ ಎರಡು, ಸಂಜೆ ನಾಲ್ಕೂವರೆ ಎಂದು ಹೊತ್ತು ಗೊತ್ತುಮಾಡಿಕೊಂಡೆ. ಹಿಂದಿನಂತೆ ಮಾಹಿತಿ ತಪ್ಪಿಹೋದದ್ದು ಇಲ್ಲವೇ ಇಲ್ಲ. ಉಳಿದ ಮೂವತ್ತೊಂದನ್ನು ಭಾನುವಾರ ಒಮ್ಮೆ ತೆರೆದು, ಮದುವೆ, ಮುಂಜಿ, ಸಾವಿನ ಸುದ್ದಿಗಳಿದ್ದರೆ ನೋಡಿಕೊಂಡು, ಆಯಾ ಮನೆಗಳಿಗೆ ನೇರವಾಗಿ ಕರೆ ಮಾಡುತ್ತೇನೆ. ಚಿತ್ರಗಳೂ ವಿಡಿಯೊಗಳೂ ತಾವಾಗಿಯೇ ಇಳಿದುಕೊಳ್ಳುವುದನ್ನು ನಿಲ್ಲಿಸಿದ್ದರಿಂದ ಫೋನಿನ ಜಾಗವೂ ಉಳಿಯಿತು.

ಅತ್ಯಂತ ಕಷ್ಟವಾದದ್ದು ವಿಡಿಯೊಗಳು, ಮತ್ತು ಇಲ್ಲಿ ನನಗೆ ನೆರವಾದದ್ದು ಬಾಲ್ಯದ ಒಂದು ನೆನಪು. ಬನವಾಸಿಯ ಬಳಿ ವರದಾ ನದಿಯ ದಂಡೆಯಲ್ಲಿ ಗಾಳ ಹಾಕಿ ಕೂರುವವರನ್ನು ನೋಡುತ್ತ ನಾವು ಹುಡುಗರು ಗಂಟೆಗಟ್ಟಲೆ ನಿಲ್ಲುತ್ತಿದ್ದೆವು. ಎಸೆದಾಗಲೆಲ್ಲ ಮೀನು ಸಿಗುವಂತಿದ್ದರೆ ಬುಟ್ಟಿ ತುಂಬಿದ ಕೂಡಲೇ ಅವರು ಮನೆಗೆ ಹೋಗುತ್ತಿದ್ದರು. ಎಂದೂ ಸಿಗದಿದ್ದರೂ ಹೋಗುತ್ತಿದ್ದರು. ಯಾವಾಗ ಸಿಗುತ್ತದೆಂದು ತಿಳಿಯದಿರುವುದೇ ಅವರನ್ನು ಕೂರಿಸುತ್ತಿತ್ತು. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕಂಡದ್ದೂ ಇದನ್ನೇ: ಕಾಳು ಎಷ್ಟನೆಯ ಕುಕ್ಕಿಗೆ ಬೀಳುತ್ತದೆಂದು ನಿಶ್ಚಯವಿಲ್ಲದಾಗ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ಹತ್ತು ವಿಡಿಯೊಗಳಲ್ಲಿ ಒಂಬತ್ತು ನನಗೆ ಬೇಡದವು, ಹತ್ತನೆಯದು ಚೆನ್ನಾಗಿರುತ್ತಿತ್ತು, ಆ ಹತ್ತನೆಯದಕ್ಕಾಗಿ ನಾನು ಕಾದು ಕೂರುತ್ತಿದ್ದೆ. ಇದಕ್ಕೆ ಕೊನೆಯಿಲ್ಲದ ಪುಟವೂ ಸೇರಿತು. ಬೆರಳು ಸರಿಸಿದಂತೆ ಪುಟ ಬೆಳೆಯುತ್ತಲೇ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ವಿನ್ಯಾಸಕ ಏಜಾ ರಾಸ್ಕಿನ್, ಮುಂದೆ ಅದರ ಪರಿಣಾಮದ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದ್ದಾರೆ. ದಿನಪತ್ರಿಕೆಗೆ ಕೊನೆಯ ಪುಟವಿದೆ, ಅಲ್ಲಿಗೆ ಬಂದಾಗ ನಾವು ಮಡಚಿಡುತ್ತೇವೆ.

ಯೂಟ್ಯೂಬನ್ನು ನಾನು ಬಿಡುವಂತಿರಲಿಲ್ಲ, ಏಕೆಂದರೆ ತರಗತಿಯಲ್ಲಿ ತೋರಿಸಲಾಗದ ಪ್ರಯೋಗಗಳು ಅದರಲ್ಲಿ ಸಿಗುತ್ತವೆ. 2023ರ ಆಗಸ್ಟಿನಲ್ಲಿ ಆ ಕಂಪನಿ ಮಾಡಿದ ಒಂದು ಬದಲಾವಣೆ ನನ್ನ ಪಾಲಿಗೆ ವರವಾಯಿತು: ನೋಡಿದ ವಿಡಿಯೊಗಳ ಇತಿಹಾಸವನ್ನು ಅಳಿಸಿ, ಅದನ್ನು ದಾಖಲಿಸುವುದನ್ನು ನಿಲ್ಲಿಸಿದರೆ ಮುಖಪುಟವೇ ಖಾಲಿಯಾಗುತ್ತದೆ, ಹುಡುಕಲು ಬರೆಯುವ ಜಾಗ ಮಾತ್ರ ಉಳಿಯುತ್ತದೆ. ಈಗ ಅದನ್ನು ತೆರೆದರೆ ನನಗೇನು ಬೇಕೆಂದು ನಾನೇ ಬರೆಯಬೇಕು. ಕೆಲವೊಮ್ಮೆ ತೆರೆದು, ಏನು ಬೇಕೆಂದು ತೋಚದೆ ಮುಚ್ಚಿದ್ದೇನೆ. ಈ ಎಲ್ಲ ಬದಲಾವಣೆಗಳಲ್ಲಿ ನನಗೆ ಅತಿ ಹೆಚ್ಚು ಸಮಯ ಮರಳಿಸಿದ್ದು ಇದೊಂದೇ ಎಂದು ಖಚಿತವಾಗಿ ಹೇಳಬಲ್ಲೆ. ಪರದೆಯನ್ನು ಕಪ್ಪು-ಬಿಳುಪು ಮಾಡುವ ಉಪಾಯವನ್ನೂ ಒಂದು ತಿಂಗಳು ಪಾಲಿಸಿದೆ. ಮಕ್ಕಳು ಕಳುಹಿಸಿದ ದಾಸವಾಳದ ಭಾಗಗಳ ಚಿತ್ರಗಳನ್ನೂ ಲಿಟ್ಮಸ್ ಕಾಗದದ ಬಣ್ಣಗಳನ್ನೂ ನೋಡುವಾಗ ಅದು ಅಡ್ಡಿಯಾದ್ದರಿಂದ ಕೈಬಿಟ್ಟೆ.

ಫೋನಿನಲ್ಲೇ ಉಳಿದಿರುವ ಕೆಲಸಗಳೂ ಇವೆ. ಯುಪಿಐ ಪಾವತಿ, ಬ್ಯಾಂಕಿನ ಒಟಿಪಿ, ಧಾರವಾಡದಲ್ಲಿರುವ ಅಕ್ಕನ ಜೊತೆಗಿನ ವಿಡಿಯೊ ಕರೆ, ಇವುಗಳನ್ನು ಹೊರತರುವ ಅಗತ್ಯವೂ ಇಲ್ಲ. ಅಡಿಕೆ ದರವನ್ನು ಈಗ ಬೆಳಗಿನ ಪತ್ರಿಕೆಯಲ್ಲೇ ನೋಡುತ್ತೇನೆ. ಒಂದು ದಿನ ತಡವಾದರೆ ನನ್ನಂಥ ಸಣ್ಣ ಬೆಳೆಗಾರನಿಗೆ ನಷ್ಟವೇನೂ ಇಲ್ಲ. ಮಳೆಗಾಲದ ರಜಾದಿನಗಳಲ್ಲಿ ಹಳೆಯ ಅಭ್ಯಾಸ ಎರಡು ಸಲ ಮರಳಿತು, ಎರಡು ಸಲವೂ ನೋಟ್‌ಬುಕ್ ತೆಗೆದು ಒಂದು ವಾರ ಮತ್ತೆ ಬರೆದೆ, ಯಾವ ಚಿಕ್ಕ ಕೆಲಸದ ಬೆನ್ನಿಗೆ ಅದು ಒಳಬಂದಿತೆಂದು ಹುಡುಕಿದೆ. ಒಮ್ಮೆ ಅದು ಮಳೆಯ ಮುನ್ಸೂಚನೆ, ಇನ್ನೊಮ್ಮೆ ಕ್ರಿಕೆಟ್ ಸ್ಕೋರು. ಎರಡನ್ನೂ ಈಗ ರೇಡಿಯೊದಲ್ಲಿ ಕೇಳುತ್ತೇನೆ.

ಈ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳು ಮೂವತ್ತೆಂಟು. ಫೋನನ್ನು ಜಗಲಿಯ ಹಲಗೆಯ ಮೇಲಿಟ್ಟು, ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು, ಎರಡು ಸಂಜೆಗಳಲ್ಲಿ ಎಲ್ಲವನ್ನೂ ನೋಡಿ ಮುಗಿಸಿ, ಕಟ್ಟುವ ಮೊದಲು ಪ್ರತಿ ಪತ್ರಿಕೆಯ ಪ್ರತಿ ಪುಟವನ್ನೂ ಇನ್ನೊಮ್ಮೆ ತಿರುಗಿಸಿದೆ. ಹಂಚಿದ ಮರುದಿನ ಒಬ್ಬ ಹುಡುಗ ಬಂದು, ವಸ್ತುವನ್ನು ಧ್ರುವ ಮತ್ತು ಸಂಗಮ ಬಿಂದುವಿನ ನಡುವೆ ಇಟ್ಟಾಗ ಪ್ರತಿಬಿಂಬ ದರ್ಪಣದ ಹಿಂದೆ ಬರುವುದರಿಂದ ಅಲ್ಲಿ ಚುಕ್ಕೆ ಗೆರೆ ಹಾಕಿದ್ದೇನೆ, ಅದಕ್ಕೆ ಅರ್ಧ ಅಂಕ ಯಾಕೆ ಕಡಿಮೆಯಾಯಿತು ಎಂದು ಕೇಳಿದ. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಎರಡು ಕಿರಣಗಳಲ್ಲಿ ಒಂದಕ್ಕೆ ಅವನು ಬಾಣ ಹಾಕದೆ ಬಿಟ್ಟಿದ್ದ ಜಾಗವನ್ನು ತೋರಿಸಿದೆ. ಅವನು ಜೇಬಿನಿಂದ ಪೆನ್ಸಿಲ್ ತೆಗೆದು ಅಲ್ಲೇ ಬಾಣ ಬರೆದು, "ಈಗ ಸರಿ ಆಯ್ತಾ ಸರ್" ಎಂದು ಕೇಳಿದ, ನಾವಿಬ್ಬರೂ ಆ ಚಿತ್ರವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದೆವು.